ಶಿರಸ್ಸು ಮರಳಿದ ಮೇಲೆ

ಏಕಾಂತದ ರಾಮಯ್ಯನವರ ಜನ್ಮಸ್ಥಳವು ಆಳಂದವೆಂದು ಅಬ್ಬಲೂರಿನ ಶಾಸನವು ಹೇಳುತ್ತದೆ. ಶಿವಭಕ್ತಿಯ ಹಿರಿಮೆಯನ್ನು ಸ್ಥಾಪಿಸುವುದಕ್ಕಾಗಿ ಆ ಶರಣರು ತಮ್ಮ ಶಿರಸ್ಸನ್ನೇ ಅರಿದು ಶಿವನಿಗೆ ಒಪ್ಪಿಸಿದರೆಂದೂ, ಏಳು ದಿನಗಳ ತರುವಾಯ ಅದು ಮರಳಿ ಕೂಡಿತೆಂದೂ ಅದೇ ಶಾಸನದ ನಿರೂಪಣೆ. ಆಳಂದ, ಅಫಜಲಪುರ, ಜೇವರ್ಗಿಗಳ ಸದ್ಭಕ್ತರಿಗೆ ಇದು ತಮ್ಮ ಸೀಮೆಯದೇ ಕಥೆ. ಆದರೆ ಮನೆಯವರೊಬ್ಬರ ಶಿರಸ್ಸಿಗೆ ಸಂಕಟವು ಒದಗಿದಾಗ, ಆಸ್ಪತ್ರೆಯ ಬಾಗಿಲಲ್ಲಿ ಕುಳಿತು ಆ ಏಳು ದಿನಗಳನ್ನೇ ಎಣಿಸುವುದು ಸರಿಯೇ ಎಂಬುದು ವಿಚಾರಿಸತಕ್ಕ ವಿಷಯ.

ಮಿದುಳಿನ ಬುಡದಲ್ಲಿ ಹರಿಯುವ ರಕ್ತನಾಳದ ಗೋಡೆಯು ಒಂದೆಡೆ ದುರ್ಬಲವಾದರೆ, ಸವೆದ ಸೈಕಲ್ ಟ್ಯೂಬಿನಂತೆ ಅಲ್ಲಿ ಉಬ್ಬುತ್ತದೆ. ವೈದ್ಯರು ಇದನ್ನು ಅನ್ಯೂರಿಸಂ ಎನ್ನುವರು. ರಕ್ತದ ಒತ್ತಡ ಏರಿದವರಿಗೂ, ಬೀಡಿ ಸಿಗರೇಟುಗಳ ವ್ಯಸನವುಳ್ಳವರಿಗೂ, ಒಡಹುಟ್ಟಿದವರಲ್ಲಿ ಹೀಗಾದವರಿಗೂ ಭಯವು ಅಧಿಕ. ಅದು ಒಡೆದಾಗ ಜನ್ಮದಲ್ಲಿ ಕಾಣದಂತಹ ತಲೆನೋವು ಸಿಡಿಲಿನಂತೆ ಎರಗುತ್ತದೆ; ವಾಂತಿಯಾಗುತ್ತದೆ, ಕತ್ತು ಬಿಗಿಯುತ್ತದೆ, ಪ್ರಜ್ಞೆ ತಪ್ಪಲೂಬಹುದು. ಆಗ ಹಣೆಗೆ ವಿಭೂತಿಯನ್ನು ಧರಿಸಬೇಕು, ನಿಜ. ಆದರೆ ವಿಭೂತಿಯನ್ನು ಹಚ್ಚಿ ಬೆಳಗಾಗುವವರೆಗೆ ಕಾಯಬಾರದು. ಕಲಬುರಗಿಗಾಗಲಿ ಸೊಲ್ಲಾಪುರಕ್ಕಾಗಲಿ ತತ್‌ಕ್ಷಣವೇ ಒಯ್ಯತಕ್ಕದ್ದು. ಶರಣಗಣದಲ್ಲಿ ವೈದ್ಯ ಸಂಗಣ್ಣನವರೂ ಇದ್ದರೆಂಬುದನ್ನು ಭಕ್ತರು ನೆನೆಯಬೇಕು. ವೈದ್ಯವೂ ಕಾಯಕವೇ, ಅದರ ಮೊರೆಹೋಗುವುದು ಶಿವನಲ್ಲಿ ಅವಿಶ್ವಾಸವಲ್ಲ.

ಈ ಉಬ್ಬಿನ ಕೊರಳಿಗೆ ಚಿಕ್ಕದೊಂದು ಕ್ಲಿಪ್ಪನ್ನು ತೊಡಿಸಿ ರಕ್ತವನ್ನು ತಡೆಯುವ ಶಸ್ತ್ರಕ್ರಿಯೆಯನ್ನು ಅಮೆರಿಕದ ವಾಲ್ಟರ್ ಡ್ಯಾಂಡಿ ಎಂಬ ವೈದ್ಯರು 1937ರಲ್ಲಿ ಮೊದಲು ಮಾಡಿದರು. 1990ರ ದಶಕದಿಂದೀಚೆಗೆ ತಲೆಬುರುಡೆಯನ್ನು ತೆರೆಯದೆ, ತೊಡೆಯ ಸಂದಿನ ರಕ್ತನಾಳದಿಂದ ಸಣ್ಣ ನಳಿಕೆಯನ್ನು ಸಾಗಿಸಿ, ಉಬ್ಬಿನೊಳಗೆ ತಂತಿಯ ಸುರುಳಿಯನ್ನು ತುಂಬುವ ವಿಧಾನವೂ ರೂಢಿಗೆ ಬಂದಿದೆ. ಆದರೆ ಅಷ್ಟಕ್ಕೇ ಗಂಡಾಂತರವು ಕಳೆಯದು. ಒಸರಿದ ರಕ್ತದಿಂದಾಗಿ ಮಿದುಳಿನ ನಾಳಗಳು ಮುಂದಿನ ಎರಡು ವಾರಗಳಲ್ಲಿ ಸಂಕೋಚಗೊಳ್ಳಬಹುದಾದುದರಿಂದ ವೈದ್ಯರು ಆ ಕಾಲವೆಲ್ಲ ಎಚ್ಚರವಾಗಿರುತ್ತಾರೆ. ಅಮೆರಿಕದ ಶಾಸನಸಭೆಯ ಸದಸ್ಯರಾಗಿದ್ದ ಜೋ ಬೈಡನ್ ಅವರಿಗೆ 1988ರ ಫೆಬ್ರವರಿಯಲ್ಲಿಯೂ ಮೇ ತಿಂಗಳಿನಲ್ಲಿಯೂ ಇಂತಹ ಶಸ್ತ್ರಕ್ರಿಯೆಗಳಾದವು. ಅವರು ತಮ್ಮ ಕಾರ್ಯಕ್ಕೆ ಮರಳಿದುದು ಸೆಪ್ಟೆಂಬರಿನಲ್ಲಿ. 2021ರಲ್ಲಿ ಆ ದೇಶದ ಅಧ್ಯಕ್ಷರೂ ಆದರು. ರಾಮಯ್ಯನವರಿಗೆ ಏಳು ದಿನ. ಅವರಿಗೆ ಏಳು ತಿಂಗಳು. ಕೆಲವರಿಗೆ ವರ್ಷಗಳೇ ಬೇಕಾಗುತ್ತವೆ. ಕೆಲವರು ಮರಳುವುದೇ ಇಲ್ಲ. ರಾಮಯ್ಯನವರು ಶಿರಸ್ಸನ್ನು ತಾವಾಗಿ ಅರ್ಪಿಸಿದರು. ಗೃಹಸ್ಥನಿಗೆ ಈ ವ್ಯಾಧಿಯು ಬೇಡದೆ ಬಂದುದು. ಆದುದರಿಂದ ಪವಾಡವನ್ನು ಪಣವಾಗಿಟ್ಟು ಶಿವನನ್ನು ಪರೀಕ್ಷಿಸಲಾಗದು.

ಒಂದು ದೃಷ್ಟಾಂತವಿರಲಿ. ಅಫಜಲಪುರದ ಕಡೆಯ ಒಬ್ಬ ತಾಯಿಗೆ ಹೀಗಾಯಿತೆಂದಿಟ್ಟುಕೊಳ್ಳಿರಿ. ಶಸ್ತ್ರಕ್ರಿಯೆಗೆ ಮುನ್ನ ಆಕೆಯ ಕೊರಳಿನ ಬೆಳ್ಳಿಯ ಕರಡಿಗೆಯನ್ನು ಬಿಚ್ಚಿಕೊಡಬೇಕೆಂದು ವೈದ್ಯರು ಹೇಳುತ್ತಾರೆ. ದೀಕ್ಷೆಯಾದಂದಿನಿಂದ ಅಂಗವನ್ನಗಲದ ಲಿಂಗವದು. ಮಗನು ಮಠಕ್ಕೆ ಓಡಿಬಂದು, “ಅಪ್ಪನವರೇ, ಅವ್ವನಿಗೆ ಲಿಂಗವಿಯೋಗವಾಯಿತು. ಇನ್ನು ಆಕೆಯ ಗತಿಯೇನು?” ಎಂದು ಕಣ್ಣೀರಿಡುತ್ತಾನೆ. ಆಗ ಗುರುವು ಹೇಳಬೇಕಾದ ಮಾತಿದು: “ತಮ್ಮಾ, ಸ್ಥೂಲತನುವಿಗೆ ಇಷ್ಟಲಿಂಗ, ಸೂಕ್ಷ್ಮತನುವಿಗೆ ಪ್ರಾಣಲಿಂಗ, ಕಾರಣತನುವಿಗೆ ಭಾವಲಿಂಗ. ವೈದ್ಯರು ಕರಡಿಗೆಯನ್ನು ಬಿಚ್ಚಿಸಬಲ್ಲರು, ಪ್ರಾಣಲಿಂಗವನ್ನು ಬಿಚ್ಚಿಸಬಲ್ಲವರಾರು? ಶುಚಿಯಾದ ವಸ್ತ್ರದಲ್ಲಿಟ್ಟು ನಿನ್ನ ಎದೆಗೆ ಅವಚಿಕೊಂಡಿರು. ಅವ್ವನ ಕೈ ತೆರವಾಗುವವರೆಗೆ ನಿನ್ನ ಕೈಯೇ ಆಕೆಯ ಕರಸ್ಥಲ.”

ತಾಯಿ ಮನೆಗೆ ಬರುತ್ತಾಳೆ. ಬಲಗೈ ಏಳದು, ಮಾತು ಹೊರಡದು. ನೀರು ಎನ್ನಬೇಕಾದಲ್ಲಿ ಬಾಗಿಲು ಎನ್ನುತ್ತಾಳೆ. ಕಾರಣವಿಲ್ಲದೆ ಅಳುತ್ತಾಳೆ, ಮುನಿಯುತ್ತಾಳೆ, ಹಗಲೆಲ್ಲ ಮಲಗುತ್ತಾಳೆ. ನೋಡಬಂದವರು ಹಾಸಿಗೆಯ ಬಳಿಯಲ್ಲಿಯೇ ನಿಂತು, “ಮೊದಲಿನ ಅವ್ವ ಇನ್ನಿಲ್ಲ” ಎಂದು ನಿಟ್ಟುಸಿರಿಡುತ್ತಾರೆ. ಮಾತಾಡಲಾರದವರಿಗೆ ಮಾತು ಕೇಳಿಸುವುದಿಲ್ಲವೆಂದು ತಿಳಿಯುವುದು ದೊಡ್ಡ ತಪ್ಪು. ಆಡಲು ಬಾರದೆಯೂ ಆಕೆ ಎಷ್ಟನ್ನೋ ಗ್ರಹಿಸುತ್ತಿರಬಹುದು. ಆ ನುಡಿಯು ಆಕೆಗೆ ಎರಡನೆಯ ಗಾಯ.

ಪೂಜೆಯ ಸಮಯದಲ್ಲಿ ಆಕೆಯ ಎಡಗೈಯಲ್ಲಿ ಇಷ್ಟಲಿಂಗವನ್ನಿರಿಸಿ, ಸೊಸೆಯು ಅತ್ತೆಯ ಬಲಗೈಯನ್ನು ತನ್ನ ಕೈಯಲ್ಲಿ ಹಿಡಿದು ಮೆಲ್ಲನೆ ಮೇಲೆತ್ತಿ, ಅದರಿಂದಲೇ ವಿಭೂತಿಯನ್ನೂ ಪತ್ರೆಯನ್ನೂ ಏರಿಸಲಿ. ಬಿದ್ದ ಕೈಯನ್ನು ದಿನದಿನವೂ ಕೆಲಸಕ್ಕೆ ಕರೆಯಿರೆಂದೇ ವೈದ್ಯರೂ ಹೇಳುವರು. ಮಾತು ಕಳೆದುಕೊಂಡವರಲ್ಲಿ, ಬಹುಕಾಲದಿಂದ ನಾಲಗೆಗೆ ರೂಢಿಯಾದ ಪ್ರಾರ್ಥನೆ, ಹಾಡು, ಎಣಿಕೆಗಳು ಇತರ ಮಾತಿಗಿಂತ ಮೊದಲು ಮರಳುವುದುಂಟು. ಒಂದು ಬೆಳಗು ಆಕೆಯ ಬಾಯಿಂದ ಷಡಕ್ಷರಿಯು ತಾನಾಗಿ ಹೊರಡಬಹುದು. ಮಗನ ಹೆಸರು ಇನ್ನೂ ಬಾರದಿರಬಹುದು. ಅದಕ್ಕೆ ಮಗನು ನೋಯಬಾರದು. ಪವಾಡವೆಂದು ಊರೆಲ್ಲ ಸಾರಲೂಬಾರದು. ಆಕೆಯೊಡನೆ ಕುಳಿತು ತಾನೂ ಅದನ್ನೇ ಜಪಿಸಲಿ. ಹೆಸರು ಬರುವ ದಾರಿ ಅದೇ ಆಗಿರಬಹುದು.

ದಾಸೋಹವೆಂದರೆ ಜಾತ್ರೆಯ ದಿನ ಸಾವಿರ ಜನಕ್ಕೆ ಉಣಬಡಿಸುವುದು ಮಾತ್ರವಲ್ಲ. ನುಂಗಲು ತಡವರಿಸುವ ಒಂದು ಬಾಯಿಗೆ, ಗಂಟಲಲ್ಲಿ ಸಿಕ್ಕದಂತೆ ತುತ್ತುತುತ್ತಾಗಿ, ಬೇಸರಿಸದೆ ಉಣಿಸುವುದೂ ದಾಸೋಹವೇ. ಈ ದಾಸೋಹಕ್ಕೆ ಪ್ರೇಕ್ಷಕರಿಲ್ಲ, ಜಯಘೋಷವಿಲ್ಲ. ಇದನ್ನು ಸೊಸೆಯೊಬ್ಬಳ ಹೆಗಲಿಗೇ ಹೊರಿಸಿ ಗಂಡಸರು ಜಗುಲಿಯಲ್ಲಿ ಕುಳಿತರೆ ಅದು ಧರ್ಮವಲ್ಲ. ಸೇವೆ ಮಾಡುವವರಿಗೂ ನಿದ್ರೆ ಬೇಕು. ಸರದಿಯಿಂದ ಹಂಚಿಕೊಂಡ ಭಾರವೇ ಬಹುದೂರ ಸಾಗುವುದು.

ಜೇವರ್ಗಿಯ ಷಣ್ಮುಖಸ್ವಾಮಿಗಳ ವಚನಗಳ ಅಂಕಿತವು ‘ಅಖಂಡೇಶ್ವರ’ ಎಂಬುದು. ಖಂಡವಾಗದವನೇ ಅಖಂಡನು. ರೋಗಿಯ ಮಾತು ಖಂಡವಾಗಿರಬಹುದು, ನಡಿಗೆ ಖಂಡವಾಗಿರಬಹುದು, ನೆನಪು ಖಂಡವಾಗಿರಬಹುದು. ಆಕೆಯೊಳಗಿನ ಅಖಂಡನು ಖಂಡವಾಗಿಲ್ಲ. ಭಕ್ತಸ್ಥಲದಿಂದ ಐಕ್ಯದವರೆಗೆ ಸ್ಥಲಸ್ಥಲವಾಗಿ ಏರುವುದನ್ನು ಕಲಿತ ಜನರು, ಹಾಸಿಗೆಯಿಂದ ಹೊಸ್ತಿಲವರೆಗಿನ ದಾರಿಯನ್ನೂ ಹೆಜ್ಜೆಹೆಜ್ಜೆಯಾಗಿ ನಡೆಸಬಲ್ಲರು. ‘ಮೊದಲಿನಂತಾದಳೇ?’ ಎಂದು ಅಳೆಯುವುದನ್ನು ಬಿಟ್ಟು, ಇಂದು ಇರುವಾಕೆಯಲ್ಲಿಯೇ ಶಿವನನ್ನು ಕಂಡು ಸೇವಿಸುವ ಮನೆಯಲ್ಲಿ, ಶಿರಸ್ಸು ಮರಳುವುದಕ್ಕೆ ಮೊದಲೇ ಭಕ್ತಿಯು ಮರಳಿರುತ್ತದೆ.