ನ್ಯಾಯಾಧೀಶರ ಲೆಕ್ಕ ಕೇಳಬಹುದಾ?

ಒಬ್ಬ ನ್ಯಾಯಾಧೀಶರನ್ನು "ಈ ವಾರ ಎಷ್ಟು ಗಂಟೆ ಪೀಠದಲ್ಲಿ ಕೂತಿದ್ರಿ, ಎಷ್ಟು ಕೇಸ್ ಬಾಕಿ ಇಟ್ಟಿದ್ದೀರಿ?" ಅಂತ ಕೇಳಬಹುದಾ? ಕಾಲ್ ಸೆಂಟರ್‌ನವರನ್ನು ಕೇಳ್ತೀವಿ, ಡೆಲಿವರಿ ಹುಡುಗರನ್ನು ಕೇಳ್ತೀವಿ. ನ್ಯಾಯಾಧೀಶರನ್ನು ಕೇಳೋದು ಮಾತ್ರ ಅಗೌರವ ಅನಿಸುತ್ತೆ. ತೀರ್ಪು ಅಂದ್ರೆ ಯೋಚನೆಯ ಕೆಲಸ, ಯೋಚನೆಗೆ ಗಡಿಯಾರ ಹಿಡಿಯೋದು ಹೇಗೆ?

ನಾನಿರುವ ನ್ಯೂಜೆರ್ಸಿಯಲ್ಲಿ ಹೀಗೆ ಲೆಕ್ಕ ಕೇಳಿದವರು ಸ್ವತಃ ಒಬ್ಬ ಮುಖ್ಯ ನ್ಯಾಯಮೂರ್ತಿ. ಹೆಸರು ಆರ್ಥರ್ ವ್ಯಾಂಡರ್‌ಬಿಲ್ಟ್. ನೂವರ್ಕ್‌ನ ವಕೀಲ, ಆಮೇಲೆ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಕಾನೂನು ಕಾಲೇಜಿನ ಡೀನ್. ಅವರು ನೋಡಿದ ಹಳೆಯ ನ್ಯೂಜೆರ್ಸಿಯ ಕೋರ್ಟುಗಳು ಇಂಗ್ಲೆಂಡಿನಿಂದ ಬಂದ ವಸಾಹತು ಕಾಲದ ಕಟ್ಟಡದ ಹಾಗಿದ್ದವು. ಒಂದರ ಪಕ್ಕ ಒಂದು ಕೋಣೆ, ಮಧ್ಯೆ ಬಾಗಿಲೇ ಇಲ್ಲ. ಕಾನೂನಿನ ಪ್ರಶ್ನೆಗೆ ಒಂದು ಕೋರ್ಟು, 'ಈಕ್ವಿಟಿ' ಪರಿಹಾರಕ್ಕೆ ಚಾನ್ಸರಿ ಅನ್ನೋ ಇನ್ನೊಂದು ಕೋರ್ಟು. ಒಂದೇ ಜಗಳಕ್ಕೆ ಎರಡು ಕಡೆ ಅಲೆಯಬೇಕಾಗಬಹುದಿತ್ತು. ಅತ್ಯುನ್ನತ ಮೇಲ್ಮನವಿ ಕೋರ್ಟಿನಲ್ಲಿ 16 ಜನ ಇದ್ದರು, ಅವರಲ್ಲಿ 6 ಮಂದಿ ವಕೀಲರೇ ಆಗಿರಬೇಕಿರಲಿಲ್ಲ.

ವ್ಯಾಂಡರ್‌ಬಿಲ್ಟ್ 1930ರಿಂದ ಸುಧಾರಣೆಗೆ ಬೆನ್ನು ಹತ್ತಿದರು. 1944ರಲ್ಲಿ ಹೊಸ ಸಂವಿಧಾನದ ಪ್ರಸ್ತಾವವನ್ನು ಮತದಾರರು ತಿರಸ್ಕರಿಸಿದರು. 1947ರಲ್ಲಿ ಒಪ್ಪಿದರು. ಅದರಂತೆ ಮುಖ್ಯ ನ್ಯಾಯಮೂರ್ತಿಯೇ ರಾಜ್ಯದ ಎಲ್ಲ ಕೋರ್ಟುಗಳ ಆಡಳಿತದ ಮುಖ್ಯಸ್ಥ. 1948ರಲ್ಲಿ ಆ ಕುರ್ಚಿಗೆ ಅವರೇ ಬಂದರು. ಬಂದವರೇ ಪ್ರತಿ ನ್ಯಾಯಾಧೀಶರಿಂದ ವಾರದ ವರದಿ ಕೇಳಿದರು: ಪೀಠದಲ್ಲಿ ಕೂತ ಗಂಟೆ, ವಿಚಾರಣೆ ನಡೆಸಿದ ಕೇಸು, ತೀರ್ಪು ಕೊಡದೆ ಉಳಿಸಿಕೊಂಡದ್ದು. ಎಲ್ಲರ ಅಂಕಿ ಸೇರಿಸಿ ಎಲ್ಲರಿಗೂ ಕಳಿಸುವ ವ್ಯವಸ್ಥೆಯೂ ಆಯ್ತು. ಹಲವರಿಗೆ ಸಿಟ್ಟು ಬಂತು. ಬಾರದೆ ಇರುತ್ತಾ?

ನಾನು ಡೇಟಾ ಕೆಲಸದವನು, ಆ ಸಿಟ್ಟಿನ ಪರವಾಗಿಯೂ ಮಾತಾಡಬಲ್ಲೆ. ಯಾವುದನ್ನು ಎಣಿಸ್ತೀರೋ ಅದು ಹೆಚ್ಚುತ್ತೆ, ಎಣಿಸದೆ ಬಿಟ್ಟದ್ದು ಸೊರಗುತ್ತೆ. ಮುಗಿಸಿದ ಕೇಸನ್ನಷ್ಟೇ ಎಣಿಸಿದರೆ ಸುಲಭದ ಕೇಸುಗಳು ಮೊದಲು ಮುಗಿಯುತ್ತವೆ. ಅಣ್ಣತಮ್ಮಂದಿರ ಮೂವತ್ತು ವರ್ಷದ ಜಮೀನು ವ್ಯಾಜ್ಯ ಕಡತದ ಅಡಿಯಲ್ಲೇ ಉಳಿಯುತ್ತೆ. ನಮ್ಮ ದೇಶದಲ್ಲಿ ಕೆಳಹಂತದ ನ್ಯಾಯಾಧೀಶರ ಕೆಲಸ ಅಳೆಯುವ 'ಯೂನಿಟ್' ಪದ್ಧತಿಯ ಬಗ್ಗೆ ಇರುವ ತಕರಾರೂ ಇದೇ.

ಹಾಗಂತ ಎಣಿಸೋದನ್ನೇ ಬಿಡೋಣವಾ? "ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ" ಅಂತ ನಮ್ಮಲ್ಲಿ ಒಂದು ಮಾತಿದೆ. ಅದನ್ನು ಕಟ್ಟಿದವರು ನ್ಯಾಯಾಧೀಶರ ಜಾಣತನವನ್ನು ಪ್ರಶ್ನಿಸ್ತಿಲ್ಲ. ವಾಯಿದೆ ಮೇಲೆ ವಾಯಿದೆ, ಬಸ್ ಚಾರ್ಜು, ಹೋದ ದಿನಗೂಲಿ, ಇವುಗಳ ಲೆಕ್ಕ ಹೇಳ್ತಿದ್ದಾರೆ. ಅಂದ್ರೆ ಎಣಿಕೆ ಮೊದಲಿನಿಂದಲೂ ನಡೀತಾನೇ ಇದೆ. ಕಾಯುವವನು ತನ್ನ ದಿನಗಳನ್ನು ಎಣಿಸ್ತಾನೆ, ಕಾಯಿಸುವವನು ಮಾತ್ರ ಎಣಿಸಬೇಕಿಲ್ಲ. ವ್ಯಾಂಡರ್‌ಬಿಲ್ಟ್ ವರದಿಯಲ್ಲಿ ನನಗೆ ಮುಖ್ಯ ಅನಿಸೋದು 'ಉಳಿಸಿಕೊಂಡದ್ದು' ಅನ್ನೋ ಆ ಮೂರನೇ ಬಾಬ್ತು. ಅಲ್ಲಿ ಕಾಣೋದು ನ್ಯಾಯಾಧೀಶರ ಸಾಧನೆ ಅಲ್ಲ, ಹೊರಗೆ ಬೆಂಚಿನ ಮೇಲೆ ಕೂತವರ ಕಾಯುವಿಕೆ.

ಆದ್ರೆ ಕಥೆ ಇಲ್ಲಿಗೆ ಮುಗಿದಿದ್ರೆ ನಾನು ಇದನ್ನು ಬರೀತಿರಲಿಲ್ಲ.

ಅವರ ಕಾಲದ ಇನ್ನೊಂದು ಸುಧಾರಣೆ, ವಿಚಾರಣೆಗೆ ಮುಂಚೆ ನ್ಯಾಯಾಧೀಶರು ಎರಡೂ ಕಡೆಯ ವಕೀಲರನ್ನು ಕೂರಿಸಿ ಮಾತಾಡುವ ಕಡ್ಡಾಯ ಸಭೆ. ಇದರಿಂದ ಹೆಚ್ಚು ರಾಜಿ ಆಗುತ್ತೆ, ಸಮಯ ಉಳಿಯುತ್ತೆ ಅಂತ ಎಲ್ಲರೂ ನಂಬಿದ್ದರು. ವ್ಯಾಂಡರ್‌ಬಿಲ್ಟ್ 1957ರಲ್ಲಿ ತೀರಿಕೊಂಡರು. ನಂತರ ಬಂದ ಮುಖ್ಯ ನ್ಯಾಯಮೂರ್ತಿ ಜೋಸೆಫ್ ವೈನ್‌ಟ್ರಾಬ್ ಅವರ ಕಾಲದಲ್ಲಿ ಆ ನಂಬಿಕೆಯನ್ನೇ ಪರೀಕ್ಷೆಗೆ ಒಡ್ಡಿದರು. ಕೊಲಂಬಿಯಾ ವಿಶ್ವವಿದ್ಯಾಲಯದ ಮಾರಿಸ್ ರೋಸೆನ್‌ಬರ್ಗ್ ಸುಮಾರು 3,000 ಅಪಘಾತ-ಗಾಯದ ಕೇಸುಗಳನ್ನು ಗುಂಪು ಮಾಡಿದರು. ಕೆಲವಕ್ಕೆ ಸಭೆ ಕಡ್ಡಾಯ, ಉಳಿದವಕ್ಕೆ ವಕೀಲರು ಕೇಳಿದರೆ ಮಾತ್ರ. 1964ರಲ್ಲಿ ಫಲಿತಾಂಶದ ಪುಸ್ತಕ ಬಂತು. ಸಭೆ ನಡೆದ ಕೇಸುಗಳು ವಿಚಾರಣೆಗೆ ಹೆಚ್ಚು ಚೆನ್ನಾಗಿ ತಯಾರಾಗಿ ಬಂದಿದ್ದವು. ರಾಜಿ ಮಾತ್ರ ಹೆಚ್ಚಿರಲಿಲ್ಲ, ವಿಚಾರಣೆಯೂ ಚಿಕ್ಕದಾಗಿರಲಿಲ್ಲ. ನ್ಯಾಯಾಧೀಶರ ಸಮಯ ಉಳಿಯುವ ಬದಲು ಖರ್ಚಾಗಿತ್ತು. ಅಂಥ ಕೇಸುಗಳಲ್ಲಿ ರಾಜ್ಯ ಸಭೆಯನ್ನು ಐಚ್ಛಿಕ ಮಾಡಿತು.

ನೀವು ಕೇಳಬಹುದು, ಕಕ್ಷಿದಾರರನ್ನು ಹೀಗೆ ಪ್ರಯೋಗಕ್ಕೆ ಒಳಪಡಿಸೋದು ಸರೀನಾ? ಒಬ್ಬನಿಗೆ ಒಂದು ವಿಧಾನ, ಪಕ್ಕದವನಿಗೆ ಇನ್ನೊಂದು, ಅದೂ ಯಾರ ತಪ್ಪೂ ಇಲ್ಲದೆ? ಕಷ್ಟದ ಪ್ರಶ್ನೆಯೇ. ಆದ್ರೆ ಪರೀಕ್ಷಿಸದ ನಿಯಮವನ್ನು ಇಡೀ ರಾಜ್ಯದ ಮೇಲೆ ಹೇರೋದೂ ಪ್ರಯೋಗವೇ ಅಲ್ವಾ? ಏನಾಯ್ತು ಅಂತ ಯಾರೂ ಬರೆದಿಡದ ಪ್ರಯೋಗ. ಅದರಲ್ಲಿ ತಪ್ಪಾದರೆ ಯಾರಿಗೂ ಗೊತ್ತಾಗೋದಿಲ್ಲ, ಬೆಲೆ ತೆರುವವನಿಗೂ.

ಹಾಗಾಗಿ ನನ್ನ ಉತ್ತರ: ನ್ಯಾಯಾಧೀಶರ ಲೆಕ್ಕ ಕೇಳಬಹುದು, ಎರಡು ಷರತ್ತಿನ ಮೇಲೆ. ಆ ಲೆಕ್ಕ ಕಾಯುವವನ ಪರವಾಗಿ ಇರಬೇಕು. ಮತ್ತೆ, ಲೆಕ್ಕ ಕೇಳುವವರ ಯೋಜನೆಗೂ ಅದೇ ತಕ್ಕಡಿ ಇರಬೇಕು. ಮೇಲಿನವರು ಕೆಳಗಿನವರನ್ನು ಎಣಿಸ್ತಾ, ತಮ್ಮ ಸುಧಾರಣೆಯನ್ನು ಮಾತ್ರ ಎಣಿಕೆಯಿಂದ ಹೊರಗಿಟ್ಟರೆ ಅದು ಬರೀ ದರ್ಪ.

ಇವತ್ತು ರಾಷ್ಟ್ರೀಯ ನ್ಯಾಯಾಂಗ ದತ್ತಾಂಶ ಜಾಲವನ್ನು ನೀವು ಎಲ್ಲಿ ಕೂತಾದರೂ ತೆರೆಯಬಹುದು. ಕರ್ನಾಟಕದ ನಿಮ್ಮ ಜಿಲ್ಲೆಯ ಕೋರ್ಟುಗಳಲ್ಲಿ ಎಷ್ಟು ಕೇಸು ಎಷ್ಟು ವರ್ಷದಿಂದ ಬಾಕಿ ಇವೆ ಅಂತ ಫೋನಿನಲ್ಲೇ ಕಾಣುತ್ತೆ. ಬಿಡುವಾದಾಗ ನೋಡಿ. ಒಟ್ಟು ಸಂಖ್ಯೆ ನೋಡಿ ತಲೆ ಅಲ್ಲಾಡಿಸಿ ಮುಚ್ಚಬೇಡಿ, ಅತಿ ಹಳೆಯ ಸಾಲಿಗೆ ಹೋಗಿ. ಅಲ್ಲಿನ ಒಂದೊಂದು ಅಂಕಿಯ ಹಿಂದೆಯೂ ಮುಂದಿನ ವಾಯಿದೆಗೆ ರಜೆ ಕೇಳಬೇಕಾದ ಒಬ್ಬರು ಇದ್ದಾರೆ.