ಹಿಡಿದು ಬಿಡುವ ದಯೆ

ವ್ಯಾಧನ ಬಲೆಗೆ ಸಿಕ್ಕಿದ ಹಕ್ಕಿಯನ್ನು ಬಿಡಿಸಿದವನೂ, ಕಟುಕನ ಕೈಯಿಂದ ಕರುವನ್ನು ಕೊಂಡು ಕಾಪಾಡಿದವನೂ ದಯಾವಂತರೆಂಬುದರಲ್ಲಿ ಯಾರಿಗೂ ಸಂಶಯವಿಲ್ಲ. ಕೊಲ್ಲಬಹುದಾಗಿದ್ದ ಪ್ರಾಣಿಯನ್ನು ಕೊಲ್ಲದೆ ಬಿಡುವುದು ದಯೆ; ಇದು ಬಾಲಕರೂ ಬಲ್ಲ ಮಾತು. ಆದರೆ ಬಿಡುವ ಸಲುವಾಗಿಯೇ ಹಿಡಿಯುವವನೊಬ್ಬನಿದ್ದರೆ ಅವನನ್ನು ಏನೆಂದು ಕರೆಯತಕ್ಕದ್ದು? ಅವನು ಕೊಲ್ಲುವುದಿಲ್ಲ, ತಿನ್ನುವುದಿಲ್ಲ, ಮಾರುವುದೂ ಇಲ್ಲ. ಹಿಡಿದ ಸುಖವನ್ನು ಅನುಭವಿಸಿ, ಬಿಟ್ಟ ಪುಣ್ಯವನ್ನೂ ಪಡೆದೆನೆಂದು ತಿಳಿಯುವನು. ಒಂದೇ ಕಾರ್ಯದಿಂದ ಸುಖವೂ ಪುಣ್ಯವೂ ದೊರೆಯುವುದಾದರೆ ಅದಕ್ಕಿಂತ ಸುಲಭವಾದ ಮಾರ್ಗವುಂಟೆ? ಹಾಗೆ ದೊರೆಯುವುದು ನಿಜವೆ ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಈ ಪ್ರಶ್ನೆ ನನ್ನ ಬಳಿಗೆ ರೈಲಿನಲ್ಲಿ ಬಂದಿತು. ಲೋಂಡಾ ಕಾಡಿನ ನಡುವಣ ಊರಾದರೂ ರೈಲುಗಳ ಕೂಡುನಿಲ್ದಾಣ. ಗೋವೆಗೆ ಇಳಿಯುವ ದಾರಿ ಕ್ಯಾಸಲ್‌ರಾಕ್ ಘಟ್ಟಕ್ಕೆ ತಿರುಗುವುದು ಇಲ್ಲಿಂದಲೇ. ಆದುದರಿಂದ ದೂರದೂರದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಗಳು ಈ ಮಾರ್ಗವಾಗಿ ಹೋಗುವಾಗ ಒಮ್ಮೊಮ್ಮೆ ಇಳಿದು ನಮ್ಮ ಮನೆಯ ಕಟ್ಟೆಯ ಮೇಲೆ ಒಂದು ಹೊತ್ತು ಕುಳಿತು ಹೋಗುವುದುಂಟು. ಹಾಗೆ ಬಂದವರಲ್ಲೊಬ್ಬನು ಅಮೆರಿಕೆಯಲ್ಲಿ ಉದ್ಯೋಗದಲ್ಲಿರುವವನು. ಕೆಲಸದ ಭಾರದಿಂದ ಬೇಸತ್ತು ಅವನು ಹಿಂದಿನ ವರ್ಷ ಕೆರಿಬಿಯನ್ ಸಮುದ್ರದ ಒಂದು ಸಣ್ಣ ದ್ವೀಪದಲ್ಲಿ ಎಂಟು ದಿವಸ ಇದ್ದು ಬಂದಿದ್ದನು. ಮಧ್ಯ ಅಮೆರಿಕೆಯ ಮೂಡಣ ಕರಾವಳಿಯಲ್ಲಿ ಬೆಲೀಜ್ ಎಂಬ ಚಿಕ್ಕ ದೇಶವಿದೆ. ಅದರ ದಡಕ್ಕೆ ಸಮಾಂತರವಾಗಿ ಸುಮಾರು ೩೦೦ ಕಿಲೋಮೀಟರುಗಳಷ್ಟು ಉದ್ದಕ್ಕೆ ಹವಳದ ದಿಬ್ಬಗಳು ಸಮುದ್ರದಲ್ಲಿ ಗೋಡೆಯಂತೆ ಹಬ್ಬಿವೆ. ೧೯೯೬ರಲ್ಲಿ ಇದನ್ನು ವಿಶ್ವಪರಂಪರೆಯ ಸ್ಥಾನಗಳಲ್ಲಿ ಸೇರಿಸಿದರು. ಆ ಗೋಡೆಯ ಆಸುಪಾಸಿನ ದ್ವೀಪಗಳಲ್ಲಿ ತೆಂಗಿನ ಮರಗಳೂ ಕೆಲವು ಗುಡಿಸಲುಗಳೂ ಉಂಟಂತೆ, ಅಂಗಡಿಯಿಲ್ಲ, ಬೀದಿಯಿಲ್ಲ. ಬೆಳಿಗ್ಗೆ ಸಮುದ್ರದಲ್ಲಿ ಮುಳುಗಿ ಮೀನುಗಳನ್ನು ನೋಡುವುದು, ಮಧ್ಯಾಹ್ನ ದೋಣಿಯಲ್ಲಿ ಹೋಗಿ ಅವಕ್ಕೆ ಗಾಳ ಹಾಕುವುದು, ಸಂಜೆಗೆ ಮರಳಿನ ಮೇಲೆ ಸುಮ್ಮನೆ ಕೂರುವುದು. ಇದು ಅಲ್ಲಿಯ ದಿನಚರಿ.

ಏಕಾಂತವನ್ನು ಬಯಸಿದ್ದಕ್ಕಾಗಿ ನಾನು ಅವನನ್ನು ಆಕ್ಷೇಪಿಸಲಾರೆ. ದಣಿದ ಮನಸ್ಸು ಜನರಿಲ್ಲದ ಎಡೆಯನ್ನು ಹುಡುಕುವುದು ಸಹಜ. ಸಮುದ್ರದಲ್ಲಿ ಮುಳುಗುವ ವಿದ್ಯೆಯನ್ನು ಅವನು ಮೊದಲು ಕಲಿತದ್ದೂ ನಮ್ಮ ನಾಡಿನಲ್ಲಿಯೇ. ಉತ್ತರ ಕನ್ನಡದ ಮುರ್ಡೇಶ್ವರದ ದಡದಿಂದ ಸುಮಾರು ೧೯ ಕಿಲೋಮೀಟರು ದೂರದಲ್ಲಿ ನೇತ್ರಾಣಿಯೆಂಬ ನಿರ್ಜನವಾದ ಗುಡ್ಡದ್ವೀಪವಿದೆ. ಅದರ ಸುತ್ತಣ ತಿಳಿನೀರಿನಲ್ಲಿ ಹವಳಗಳನ್ನೂ ಬಣ್ಣದ ಮೀನುಗಳನ್ನೂ ನೋಡಲು ಜನರು ದೋಣಿಯಲ್ಲಿ ಹೋಗಿ ಮುಳುಗುತ್ತಾರೆ.

ಆ ವಿದ್ಯೆಯ ನಿಯಮಗಳನ್ನು ಅವನು ನನಗೆ ವಿವರಿಸಿದನು. ನೀರಿನಲ್ಲಿ ಹತ್ತು ಮೀಟರು ಕೆಳಗಿಳಿದರೆ, ಭೂಮಿಯ ಮೇಲಿನ ವಾಯುಭಾರ ಎಷ್ಟೋ ಅಷ್ಟು ಒತ್ತಡ ಹೆಚ್ಚುವುದು. ಇಪ್ಪತ್ತಕ್ಕೆ ಇಮ್ಮಡಿ ಹೆಚ್ಚುವುದು. ಆ ಒತ್ತಡದಲ್ಲಿ ಉಸಿರಾಡಿದ ಗಾಳಿಯ ನೈಟ್ರೋಜನ್ ರಕ್ತದಲ್ಲಿ ಕರಗುವುದು. ಮೇಲಕ್ಕೆ ಬರುವಾಗ ಆತುರಪಟ್ಟರೆ, ಸೋಡಾ ಸೀಸೆಯ ಮುಚ್ಚಳವನ್ನು ತಟ್ಟನೆ ತೆಗೆದಾಗ ಆಗುವಂತೆ, ಕರಗಿದ ಅನಿಲವು ರಕ್ತದಲ್ಲಿ ಗುಳ್ಳೆಯಾಗಿ ಏಳುವುದು. ಉಸಿರನ್ನು ಬಿಗಿಹಿಡಿದು ಏರಿದರೆ ಶ್ವಾಸಕೋಶವೇ ಬಿರಿಯುವುದು. ಆದುದರಿಂದ ಮೆಲ್ಲಮೆಲ್ಲನೆ ಏರಬೇಕು. ಮೇಲ್ಮೈಗೆ ಇನ್ನೂ ಐದು ಮೀಟರು ಇರುವಾಗ ಮೂರು ನಿಮಿಷ ನಿಂತು ಅನಂತರ ಬರಬೇಕು. “ಗುರುಗಳೆ, ಮುಳುಗುವುದು ಕಷ್ಟವಲ್ಲ, ಏಳುವುದೇ ಕಷ್ಟ” ಎಂದು ಅವನು ಹೇಳಿದ ಮಾತು ನನಗೆ ಬಹಳ ಅರ್ಥವತ್ತಾಗಿ ತೋರಿತು.

ಬಳಿಕ ಮಧ್ಯಾಹ್ನದ ವಿಷಯಕ್ಕೆ ಬಂದನು. ಆ ದೇಶದಲ್ಲಿ ಬೋನ್‌ಫಿಷ್, ಟಾರ್ಪನ್, ಪರ್ಮಿಟ್ ಎಂಬ ಮೂರು ಜಾತಿಯ ಮೀನುಗಳನ್ನು ಹಿಡಿದರೆ ಬಿಡಲೇಬೇಕೆಂದು ೨೦೦೯ರಲ್ಲಿ ಕಾನೂನಾಗಿದೆ. ಉಳಿದ ಜಾತಿಯವನ್ನೂ ತಾನು ತಿನ್ನದೆ ಬಿಡುತ್ತಿದ್ದೆನೆಂದು ಅವನು ಸಂತೋಷದಿಂದ ಹೇಳಿಕೊಂಡನು. ಒಂದು ದಿನ ಮಾತ್ರ ಆಳದಲ್ಲಿ ಗಾಳ ಬಿಟ್ಟಿದ್ದಾಗ ದೊಡ್ಡ ಮೀನೊಂದು ಕಚ್ಚಿತು. ಜಗ್ಗಿ ಜಗ್ಗಿ ಮೇಲಕ್ಕೆ ತಂದರು, ಗಾಳವನ್ನು ಬಿಡಿಸಿದರು, ಭಾವಚಿತ್ರ ತೆಗೆದರು, ನೀರಿಗೆ ಬಿಟ್ಟರು. ಆದರೆ ಮೀನು ಮುಳುಗಲಿಲ್ಲ. ಅದರ ಹೊಟ್ಟೆಯೊಳಗಿನ ಗಾಳಿಯ ಚೀಲವು ಊದಿ, ಕಣ್ಣುಗಳು ಹೊರಕ್ಕೆ ಚಾಚಿ, ತನ್ನ ಮನೆಯಾದ ನೀರಿನ ಮೇಲೆಯೇ ಬೆಂಡಿನಂತೆ ತೇಲುತ್ತಿತ್ತು. ದೋಣಿಯವನು ಒಂದು ಭಾರವನ್ನು ಸಿಕ್ಕಿಸಿ ಅದನ್ನು ಆಳಕ್ಕೆ ಇಳಿಸಿದನು. ಹಗ್ಗ ಬರಿದಾಗಿ ಮೇಲೆ ಬಂದಿತು.

“ಅನಂತರ ಅದು ಬದುಕಿತೆ?” ಎಂದು ಕೇಳಿದೆನು. “ತಿಳಿಯದು ಗುರುಗಳೆ” ಎಂದನು. ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು. ಏಳುವುದೇ ಕಷ್ಟವೆಂದು ಅರ್ಧ ಗಳಿಗೆಯ ಹಿಂದೆ ಅವನೇ ಆಡಿದ್ದ ಮಾತು ಇಬ್ಬರಿಗೂ ನೆನಪಿಗೆ ಬಂದಿರಬೇಕು. ಬೆಳಿಗ್ಗೆ ತಾನು ಆಳದಿಂದ ಬರುವಾಗ ಅಳೆದು ಅಳೆದು ಏರಿದವನು, ಮಧ್ಯಾಹ್ನ ಮತ್ತೊಂದು ಜೀವವನ್ನು ಅದೇ ಆಳದಿಂದ ಬಾಯಿಗೆ ಕೊಕ್ಕೆ ಹಾಕಿ ಒಂದೇ ಉಸಿರಿಗೆ ಎಳೆದಿದ್ದನು. ನಮ್ಮ ಶಾಸ್ತ್ರಕಾರರು ಆತ್ಮೌಪಮ್ಯವೆಂದು ಹೇಳುವುದು ಇದನ್ನೇ. ತನ್ನ ನೋವನ್ನು ಅಳೆಯುವ ಕೋಲಿನಿಂದಲೇ ಪರರ ನೋವನ್ನೂ ಅಳೆಯುವುದು. ಸಮುದ್ರವು ಆ ಕೋಲನ್ನು ಅವನ ಕೈಗೇ ಕೊಟ್ಟಿತ್ತು.

ಆದರೂ ಅವನ ಪಕ್ಷವನ್ನು ಹಗುರವಾಗಿ ತಳ್ಳಿಹಾಕತಕ್ಕದ್ದಲ್ಲ. ಅವನು ಎರಡು ವಾದಗಳನ್ನು ಹೂಡಿದನು. ಮೊದಲನೆಯದು, ಮೀನಿಗೆ ನಮ್ಮಂತೆ ನೋವಿಲ್ಲವೆಂಬುದು. ಈ ವಿಷಯದಲ್ಲಿ ವಿಜ್ಞಾನಿಗಳಲ್ಲಿಯೂ ಒಮ್ಮತವಿಲ್ಲ. ೨೦೦೩ರಲ್ಲಿ ಲಿನ್ ಸ್ನೆಡನ್ ಮೊದಲಾದವರು ಬ್ರಿಟನ್ನಿನಲ್ಲಿ ಟ್ರೌಟ್ ಮೀನುಗಳ ತುಟಿಗೆ ಜೇನ್ನೊಣದ ವಿಷವನ್ನೂ ಹುಳಿಯ ದ್ರಾವಣವನ್ನೂ ಚುಚ್ಚಿ ಪರೀಕ್ಷಿಸಿದರು. ಅವುಗಳ ತಲೆಯಲ್ಲಿ ನೋವಿನ ಸೂಚನೆಯನ್ನು ಒಯ್ಯುವ ನರಗಳಿರುವುದು ಕಂಡುಬಂದಿತು. ಹುಳಿ ಚುಚ್ಚಿದವು ತುಟಿಯನ್ನು ತೊಟ್ಟಿಯ ಹರಳುಗಳಿಗೆ ಉಜ್ಜಿಕೊಂಡವು. ಬಹಳ ಹೊತ್ತು ಆಹಾರವನ್ನು ಮುಟ್ಟಲಿಲ್ಲ. ನಮ್ಮ ಮೆದುಳಿನ ಹೊರಪದರದಂತಹುದು ಮೀನಿಗೆ ಇಲ್ಲವಾದುದರಿಂದ ಅದು ನೋವಿನ ಅನುಭವವಲ್ಲವೆಂದು ವಾದಿಸುವ ಪಂಡಿತರೂ ಇದ್ದಾರೆ. ಸಂಶಯ ಉಳಿದಿದೆಯೆಂದೇ ಇಟ್ಟುಕೊಳ್ಳೋಣ. ಸಂಶಯದ ಲಾಭ ಯಾರಿಗೆ ಸಲ್ಲಬೇಕು? ತಪ್ಪಿದರೆ ಒಂದು ಮಧ್ಯಾಹ್ನದ ವಿನೋದವನ್ನು ಕಳೆದುಕೊಳ್ಳುವವನಿಗೋ, ತಪ್ಪಿದರೆ ಬಾಯಿ ಹರಿಸಿಕೊಳ್ಳುವ ಮೂಕಪ್ರಾಣಿಗೋ?

ಎರಡನೆಯ ವಾದ ಇದಕ್ಕಿಂತ ಬಲವಾದುದು. ಹಿಡಿದು ಬಿಡುವ ವಿನೋದವಿರುವಲ್ಲಿ ಮೀನುಗಳ ವಂಶ ಉಳಿಯುತ್ತದೆಂದು ಅವನು ಹೇಳಿದನು. ಇದಕ್ಕೆ ನಮ್ಮ ಕಾವೇರಿಯೇ ದೃಷ್ಟಾಂತ. ಭೀಮೇಶ್ವರಿಯ ಕಡೆಯ ಮಡುಗಳಲ್ಲಿ ಮಹಶೀರ್ ಎಂಬ ಬೃಹತ್ತಾದ ಮೀನುಗಳಿವೆ. ೧೯೪೬ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ೧೨೦ ಪೌಂಡು ತೂಕದ ಮಹಶೀರನ್ನು ಗಾಳದಿಂದ ಹಿಡಿದರೆಂದು ದಾಖಲೆಯಿದೆ. ಮುಂದೆ ಕಾವೇರಿಯ ದಂಡೆಯಲ್ಲಿ ಬಿಡಾರಗಳಾದುವು. ದೇಶಾಂತರಗಳಿಂದ ಬಂದವರು ಹಿಡಿದು, ತೂಗಿ, ಬಿಡುತ್ತಿದ್ದರು. ಆ ಬಿಡಾರಗಳಲ್ಲಿ ಕೆಲಸ ದೊರೆತ ಊರವರು ಹೊಳೆಗೆ ಸಿಡಿಮದ್ದು ಹಾಕುವವರನ್ನು ಕಾದು ಓಡಿಸುತ್ತಿದ್ದರು. ೨೦೧೨ರ ಸುಮಾರಿಗೆ ವನ್ಯಜೀವಿ ಸಂರಕ್ಷಣೆಯ ಕಾನೂನಿನ ಮೇರೆಗೆ ಅಭಯಾರಣ್ಯದ ನೀರಿನಲ್ಲಿ ಈ ವಿನೋದವು ನಿಂತಿತು. ಗಾಳದವರು ಹೋದರೆ ಕಾವಲೂ ಹೋದೀತೆಂದು ಅನೇಕರು ಕಳವಳಪಟ್ಟರು. ಕಾವೇರಿಯ ಆ ಗೂನುಬೆನ್ನಿನ ಮಹಶೀರು ೨೦೧೮ರಲ್ಲಿ ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಯಲ್ಲಿ ಸೇರಿತು.

ಈ ವಾದಕ್ಕೆ ನಾನು ತಲೆಬಾಗುತ್ತೇನೆ. ಆದರೆ ಅದು ಸಾಧಿಸಿದ್ದು ಎಷ್ಟೆಂಬುದನ್ನು ನೋಡಬೇಕು. ಕಾವಲಿನವನಿಗೆ ಸಂಬಳ ದೊರೆತದ್ದು ಒಳ್ಳೆಯದಾಯಿತು. ಸಿಡಿಮದ್ದು ನಿಂತದ್ದು ಇನ್ನೂ ಒಳ್ಳೆಯದಾಯಿತು. ಆ ಒಳ್ಳೆಯದು ಹಣದಿಂದ ಆಯಿತೆ, ಗಾಳದಿಂದ ಆಯಿತೆ? ನೇತ್ರಾಣಿಯಲ್ಲಿ ಬರಿದೆ ನೋಡಿಬರುವವನೂ ಹಣ ಕೊಡುತ್ತಾನೆ. ಅವನ ದೋಣಿಯನ್ನು ನಡೆಯಿಸುವವರಿಗೂ ಆ ಮೀನುಗಳು ಉಳಿಯಬೇಕಾಗಿದೆ. ಗಾಳವಿಲ್ಲದಿದ್ದರೆ ಹಣವೇ ಬಾರದೆಂಬ ಎಡೆಯಲ್ಲಿ, ವಂಶದ ಉಳಿವಿಗಾಗಿ ಒಂದೊಂದು ಮೀನಿನ ನೋವನ್ನು ಸಹಿಸಬೇಕಾದೀತು. ಅದನ್ನು ಅನಿವಾರ್ಯವೆನ್ನಿರಿ, ಉಪಾಯವೆನ್ನಿರಿ. ದಯೆಯೆಂದು ಮಾತ್ರ ಅನ್ನಬೇಡಿರಿ. ಬೆಲೀಜಿನಲ್ಲಿ ಹಿಡಿದರೆ ಬಿಡಲೇಬೇಕೆಂದು ಕಾನೂನಾಗಿದ್ದರೆ, ಸ್ವಿಟ್ಜರ್ಲೆಂಡಿನಲ್ಲಿ ಬಿಡುವ ಉದ್ದೇಶದಿಂದ ಮೀನಿಗೆ ಗಾಳ ಹಾಕುವುದೇ ನಿಷಿದ್ಧವಾಗಿದೆ. ಒಂದು ದೇಶವು ಮೀನಿನ ಕುಲವನ್ನು ನೋಡಿತು. ಇನ್ನೊಂದು ಗಾಳದ ತುದಿಯಲ್ಲಿದ್ದ ಮೀನನ್ನು ನೋಡಿತು. ಎರಡೂ ನೋಡತಕ್ಕವೇ. ಆದರೆ ಗಾಳ ಹಿಡಿದು ಕುಳಿತವನ ಕೈಗೆ ತಗಲುವುದು ಎರಡನೆಯದೇ.

ಹಾಗಾದರೆ ಮೀನು ಹಿಡಿದು ಬದುಕುವವನ ಗತಿಯೇನೆಂದು ವಾಚಕರು ಕೇಳಬಹುದು. ಮೊದಲ ಮಳೆಗೆ ಹಳ್ಳ ತುಂಬಿ ಮೀನುಗಳು ಗದ್ದೆಗೆ ಏರುವಾಗ ನಮ್ಮ ಕಡೆಯ ಬಡವರು ಕೂಳಿ ಒಡ್ಡಿ ಹಿಡಿಯುವುದನ್ನು ನಾನು ಬಾಲ್ಯದಿಂದ ನೋಡಿದ್ದೇನೆ. ಆ ಮೀನು ಅವರ ಮನೆಯ ಮಕ್ಕಳ ಅನ್ನದ ಜೊತೆಗೆ ಹೋಗುತ್ತದೆ. ನಾನು ಅದನ್ನು ಮುಟ್ಟುವವನಲ್ಲವಾದರೂ ಅವರನ್ನು ನಿಂದಿಸುವ ಅಧಿಕಾರ ನನಗಿಲ್ಲ. ಮಹಾಭಾರತದ ವನಪರ್ವದಲ್ಲಿ ಮಿಥಿಲೆಯ ಧರ್ಮವ್ಯಾಧನು ಮಾಂಸದ ಅಂಗಡಿಯಲ್ಲಿ ಕುಳಿತೇ ಕೌಶಿಕನೆಂಬ ಬ್ರಾಹ್ಮಣನಿಗೆ ಧರ್ಮವನ್ನು ಉಪದೇಶಿಸುತ್ತಾನೆ. ಅವನ ದೊಡ್ಡತನವಿರುವುದು ಎಲ್ಲಿ? ತನ್ನ ವೃತ್ತಿ ಘೋರವಾದುದೆಂದು ಅವನೇ ಒಪ್ಪುತ್ತಾನೆ. ಅದಕ್ಕೆ ಚಂದದ ಹೆಸರಿಡುವುದಿಲ್ಲ. ಕೂಳಿಯವನು ಹಸಿವೆಯಿಂದ ಹಿಡಿದೆನೆನ್ನುತ್ತಾನೆ, ಅದು ನಿಜ. ಹಿಡಿದು ಬಿಡುವವನು ಆಟಕ್ಕಾಗಿ ಹಿಡಿದೆನೆಂದರೆ ಅದೂ ನಿಜವಾದೀತು. ಬಿಟ್ಟೆನಾದುದರಿಂದ ನಾನು ದಯಾವಂತನೆಂದರೆ ಅಲ್ಲಿ ಸುಳ್ಳು ಸೇರಿತು.

ಅದೇ ಗ್ರಂಥದ ಅನುಶಾಸನಪರ್ವದಲ್ಲಿ ಇನ್ನೊಂದು ಕಥೆಯಿದೆ. ಚ್ಯವನಮಹರ್ಷಿಯು ಗಂಗಾಯಮುನೆಗಳ ಸಂಗಮದಲ್ಲಿ ನೀರಿನೊಳಗೆ ಹನ್ನೆರಡು ವರ್ಷ ವ್ರತದಲ್ಲಿದ್ದನು. ಮೀನುಗಳು ಅವನಿಗೆ ಹೆದರದೆ ಬಳಿಯಲ್ಲಿ ಸುಳಿದಾಡುತ್ತಿದ್ದುವು. ಒಂದು ದಿನ ಬೆಸ್ತರು ಬಲೆ ಬೀಸಿ ಎಳೆದಾಗ ಮೀನುಗಳೊಡನೆ ಋಷಿಯೂ ದಡಕ್ಕೆ ಬಂದನು. ಬೆಸ್ತರು ನಡುಗಿ ಕ್ಷಮೆ ಬೇಡಿದರು. ಆಗ ಅವನು, ಇವುಗಳೊಡನೆ ಇಷ್ಟು ಕಾಲ ವಾಸಿಸಿದವನು ಈಗ ಇವನ್ನು ಬಿಟ್ಟು ಹೋಗಲಾರೆ. ಸಾಯುವುದಾದರೆ ಇವುಗಳೊಡನೆ, ಮಾರಾಟವಾದರೂ ಇವುಗಳೊಡನೆ ಎಂಬ ಅಭಿಪ್ರಾಯವನ್ನು ಹೇಳಿದನು. ನಹುಷರಾಜನು ಬಂದು ಸಹಸ್ರದಿಂದ ಆರಂಭಿಸಿ ಇಡೀ ರಾಜ್ಯದವರೆಗೆ ಬೆಲೆ ಕಟ್ಟಿದರೂ ಋಷಿ ಒಪ್ಪದೆ, ಕಡೆಗೆ ಒಂದು ಗೋವಿನ ಬೆಲೆಗೆ ಒಪ್ಪಿದನು. ಆ ಗೋವನ್ನು ಬೆಸ್ತರಿಂದ ತಾನೇ ದಾನವಾಗಿ ಸ್ವೀಕರಿಸಿ, ಮೀನುಗಳಿಗೂ ಬೆಸ್ತರಿಗೂ ಸದ್ಗತಿಯನ್ನು ಕೊಟ್ಟನು.

ಈ ಕಥೆಯಲ್ಲಿ ಚ್ಯವನನು ಬೆಸ್ತರನ್ನು ಶಪಿಸಲಿಲ್ಲವೆಂಬುದನ್ನು ಗಮನಿಸಬೇಕು. ಅವನ ಮಾತು ತನ್ನ ವಿಷಯದ್ದೇ: ಜೊತೆಗಿದ್ದವನಿಗೆ ಒಂದು ಋಣವಿದೆ. ಮೀನನ್ನು ಎಂದೂ ನೀರಿನೊಳಗೆ ನೋಡದವನಿಗಿಲ್ಲದ ಹೊಣೆ, ಬೆಳಿಗ್ಗೆ ಅದರ ಮನೆಗೆ ಅತಿಥಿಯಾಗಿ ಹೋಗಿಬಂದವನಿಗಿದೆ. “ಅವುಗಳ ನಡುವೆ ಇದ್ದಾಗ ನಿನಗೆ ಏನೆನ್ನಿಸುತ್ತಿತ್ತಪ್ಪಾ?” ಎಂದು ನಾನು ಕೇಳಿದಾಗ, “ನಮ್ಮವರ ನಡುವೆ ಇದ್ದಂತೆಯೇ” ಎಂದನು. ಹಾಗೆ ಅನ್ನಿಸಿದ ಮೇಲೆ ಅದೇ ದಿನ ಮಧ್ಯಾಹ್ನ ಗಾಳ ಹಾಕಬಹುದೆ? ನಾನು ಸ್ವಲ್ಪ ಗಟ್ಟಿಯಾಗಿಯೇ ಕೇಳಿದೆನೆಂದು ತೋರುತ್ತದೆ.

ಅವನು ತಲೆ ತಗ್ಗಿಸಿ ಕುಳಿತಿದ್ದು ಮೆಲ್ಲನೆ ಹೇಳಿದನು: “ತಪ್ಪು ತಿಳಿಯಬೇಡಿರಿ ಗುರುಗಳೆ. ಸಂಸ್ಕೃತದ ತರಗತಿಯಲ್ಲಿ ನೀವು ನನ್ನನ್ನು ಎಬ್ಬಿಸಿ ನಿಲ್ಲಿಸಿ ಶಬ್ದರೂಪಗಳನ್ನು ಕೇಳುತ್ತಿದ್ದಿರಿ. ನನಗೆ ಬಾರದೆಂಬುದು ನಿಮಗೆ ಗೊತ್ತಿತ್ತು. ಹುಡುಗರೆಲ್ಲರೂ ನಕ್ಕಾದ ಮೇಲೆ, ‘ಹೋಗಲಿ, ಕೂತುಕೋ’ ಎನ್ನುತ್ತಿದ್ದಿರಿ.”

ನಾನು ಉತ್ತರ ಹೇಳಲಿಲ್ಲ, ನನ್ನಲ್ಲಿ ಉತ್ತರವಿರಲಿಲ್ಲ. ಬೆತ್ತ ಮುಟ್ಟದ ಮಾಸ್ತರನೆಂದು ನನಗೆ ಹೆಸರಿತ್ತು. ಆ ಹೆಸರಿನಿಂದ ನಾನು ಹಿಗ್ಗುತ್ತಿದ್ದೆನು. ಹೊಡೆಯದೆ ಬಿಟ್ಟೆನಲ್ಲವೆ ಎಂಬ ತೃಪ್ತಿಯಲ್ಲಿ, ಆ ಹುಡುಗನನ್ನು ಎಬ್ಬಿಸಬೇಕಾಗಿಯೇ ಇರಲಿಲ್ಲವೆಂಬುದು ನನಗೆ ಹೊಳೆಯಲಿಲ್ಲ. ಕೂತುಕೊಂಡ ಮೇಲೆ ಅವನು ಯಾವ ಆಳಕ್ಕೆ ಹೋದನು, ಹೋಗಲಾರದೆ ಎಷ್ಟು ಹೊತ್ತು ಮೇಲೆಯೇ ತೇಲಿದನು ಎಂಬುದನ್ನು ನಾನು ಎಂದೂ ವಿಚಾರಿಸಲಿಲ್ಲ. ಅವನೊಬ್ಬನೇ ಅಲ್ಲ, ಮೂವತ್ತೈದು ವರ್ಷಗಳಲ್ಲಿ ಎಷ್ಟು ಮಂದಿಯೋ! ಕ್ಷಮಿಸೆಂದು ಅವನೊಬ್ಬನನ್ನು ಕೇಳಿಕೊಂಡೆನು. ಅವನು ಗಾಬರಿಯಿಂದ ಎದ್ದು ನನ್ನ ಕಾಲು ಮುಟ್ಟಿದನು.

ಅಧಿಕಾರವುಳ್ಳವನಿಗೂ ಹಣವುಳ್ಳವನಿಗೂ ಬಿಡುವ ಸುಖ ಬಹಳ ಪ್ರಿಯವಾದುದು. ತನ್ನ ಹಿಡಿತವನ್ನೂ ತನ್ನ ಔದಾರ್ಯವನ್ನೂ ಅದು ಏಕಕಾಲದಲ್ಲಿ ತೋರಿಸಿಕೊಡುತ್ತದೆ. ನಿಜವಾದ ದಯೆ ಬಿಡುವ ಗಳಿಗೆಯಲ್ಲಿ ಅಲ್ಲ, ಹಿಡಿಯುವ ಮುಂಚಿನ ಗಳಿಗೆಯಲ್ಲಿ ಇರತಕ್ಕದ್ದು; ಅಲ್ಲಿ ಅದನ್ನು ನೋಡುವವರಿರುವುದಿಲ್ಲ, ಭಾವಚಿತ್ರವೂ ಇರುವುದಿಲ್ಲ. ಇನ್ನು ಮುಂದೆ ಗಾಳವನ್ನು ಮುಟ್ಟುವುದಿಲ್ಲವೆಂದು ಅವನು ನನಗೆ ಮಾತು ಕೊಡಲಿಲ್ಲ, ನಾನೂ ಕೇಳಲಿಲ್ಲ. ರಾತ್ರಿ ರೈಲಿಗೆ ಅವನನ್ನು ಹತ್ತಿಸಿ ಮನೆಗೆ ಬಂದು, ನಾನು ಎಬ್ಬಿಸಿ ನಿಲ್ಲಿಸಿದ ಮಕ್ಕಳ ಹೆಸರುಗಳನ್ನು ನೆನಪು ಮಾಡಿಕೊಳ್ಳಲು ಕುಳಿತೆನು. ಬಹಳ ಹೆಸರುಗಳು ನೆನಪಿಗೆ ಬರಲಿಲ್ಲ.