ಐಗುಪ್ತದ ಪುಕ್ಕಟೆ ಮೀನು, ನನ್ನ ಹಳೇ ಟೈಮರ್‌ಗಳು

ವಾಕ್ಯಭಾಗ: ಅರಣ್ಯಕಾಂಡ 11:4-9, ವಿಮೋಚನಕಾಂಡ 16:32-34

ಎಲ್ರೂ ಕೂತ್ಕೊಳ್ಳಿ.

ಇವತ್ತು ಪುಲ್ಪಿಟ್ ಮೇಲೆ ಒಂದು ಟೊಮೆಟೊ ಇಟ್ಟಿದ್ದೀನಿ. ಹಿಂದೆ ಕೂತಿರೋರಿಗೆ ಕಾಣ್ತಿದೆಯಾ? ಇದು ಸಾರಿಗೆ ಹಾಕೋ ಟೊಮೆಟೊ ಅಲ್ಲ. ಅಡುಗೆಮನೆ ಟೈಮರ್. ನಿಮ್ಮಲ್ಲಿ ಐಟಿ ಕೆಲಸದಲ್ಲಿ ಇರೋರಿಗೆ ಇದರ ಪರಿಚಯ ಇರುತ್ತೆ. 25 ನಿಮಿಷ ಕೆಲಸ, 5 ನಿಮಿಷ ಬಿಡುವು, ಪೊಮೊಡೊರೊ ಅಂತೀರಲ್ಲ, ಅದು ಹುಟ್ಟಿದ್ದು ಇಂಥದ್ದೇ ಒಂದು ಟೈಮರ್‌ನಿಂದ. 1980ರ ದಶಕದ ಕೊನೆಯಲ್ಲಿ ಫ್ರಾನ್ಸೆಸ್ಕೊ ಚಿರಿಲ್ಲೊ ಅನ್ನೋ ಇಟಲಿಯ ವಿದ್ಯಾರ್ಥಿ ಓದೋಕೆ ಮನಸ್ಸು ಬಾರದೆ ಅಡುಗೆಮನೆಯ ಟೊಮೆಟೊ ಟೈಮರ್ ತಂದು ಮೇಜಿನ ಮೇಲೆ ಇಟ್ಕೊಂಡ. ಇಟಾಲಿಯನ್ ಭಾಷೆಯಲ್ಲಿ ಪೊಮೊಡೊರೊ ಅಂದ್ರೆ ಟೊಮೆಟೊ. ನಾನು ಇದನ್ನ 40 ನಿಮಿಷಕ್ಕೆ ತಿರುಗಿಸಿದ್ದೀನಿ. ಬೆಲ್ ಹೊಡೆದ ಮೇಲೂ ಮಾತಾಡಿದ್ರೆ ಯೂತ್ ಲೀಡರ್ ಬಂದು ಮೈಕ್ ಆಫ್ ಮಾಡಬಹುದು. (ನಗು)

ನಿಮಗೆ ಗೊತ್ತಿಲ್ಲದ ಒಂದು ವಿಷಯ ಹೇಳ್ತೀನಿ. ನಮ್ಮ ಮನೆಯಲ್ಲಿ ಇಂಥವು 14 ಇವೆ. ಟೊಮೆಟೊ, ಮೊಟ್ಟೆ, ಕೋಳಿ, ದುಂಡಗಿನ ಬಿಳೀದು, ಕ್ರೋಮ್ ಪಟ್ಟಿ ಇರೋ ಅಮೆರಿಕದ್ದು. ಜರ್ಮನಿಯ ಯುಂಗ್‌ಹಾನ್ಸ್ ಕಂಪನಿಗೆ ಮ್ಯಾಕ್ಸ್ ಬಿಲ್ ಅನ್ನೋ ಕಲಾವಿದ 1956ರಲ್ಲಿ ರೂಪಿಸಿದ ಅಡುಗೆಮನೆ ಗಡಿಯಾರ ಒಂದಿದೆ, ಮೇಲೆ ಗಡಿಯಾರ, ಕೆಳಗೆ ಟೈಮರ್. ಅದು ನನ್ನ ಹತ್ರ ಇಲ್ಲ. ಫೋಟೋ ಮಾತ್ರ ಇದೆ. ಬೆಲೆ ಕೇಳಬೇಡಿ, ನಮ್ಮ ಸಭೆಯ ಖಜಾಂಚಿ ಇಲ್ಲೇ ಕೂತಿದ್ದಾರೆ.

ಮೊಬೈಲ್‌ನಲ್ಲೇ ಟೈಮರ್ ಇರುವಾಗ ಇದ್ಯಾಕೆ? ಒಂದ್ಸಲ ಬಿಚ್ಚಿ ನೋಡಿದ್ರೆ ನೀವೂ ಬೀಳ್ತೀರಿ. ಒಳಗೆ ಸುರುಳಿ ಸ್ಪ್ರಿಂಗ್ ಇರುತ್ತೆ. ಮುಖ ತಿರುಗಿಸಿದಾಗ ಅದು ಬಿಗಿಯಾಗುತ್ತೆ. ಆಮೇಲೆ ಹಲ್ಲಿನ ಚಕ್ರಗಳು ಅದರ ಬಲವನ್ನ ಸ್ವಲ್ಪ ಸ್ವಲ್ಪವಾಗಿ ಬಿಡುತ್ತಾ ಹೋಗ್ತವೆ. ಪ್ರತಿ ಸಲ ತಡೆದು ಬಿಟ್ಟಾಗ ಟಿಕ್. ಸೊನ್ನೆಗೆ ಬಂದಾಗ ಸಣ್ಣ ಸುತ್ತಿಗೆ ಬಿಡುಗಡೆಯಾಗಿ ಗಂಟೆ ಹೊಡೆಯುತ್ತೆ. ಮೂರೇ ನಿಮಿಷ ಬೇಕು ಅಂತ ನೇರವಾಗಿ ಮೂರಕ್ಕೆ ತಿರುಗಿಸಿದ್ರೆ ಹಳೇ ಟೈಮರ್‌ಗಳಲ್ಲಿ ಬೆಲ್ ಹೊಡೆಯೋದೇ ಅನುಮಾನ. ಸ್ಪ್ರಿಂಗ್ ಸಾಕಷ್ಟು ಬಿಗಿಯಾಗಿರಲ್ಲ. ಮೊದಲು ಹದಿನೈದರಾಚೆ ತಿರುಗಿಸಿ, ಮತ್ತೆ ಮೂರಕ್ಕೆ ಹಿಂದೆ ತರಬೇಕು. ಇದನ್ನ ನನಗೆ ಕಲಿಸಿದ್ದು ಜಾಲಹಳ್ಳಿಯ ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿ ಕೆಲಸ ಮಾಡಿದ್ದ ಒಬ್ಬ ಅಂಕಲ್. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಶುರುವಾದ ಫ್ಯಾಕ್ಟರಿ ಅದು. ಎಚ್‌ಎಂಟಿ ವಾಚಸ್ ಕಂಪನಿ ಮುಚ್ಚಿಹೋಯ್ತು, ಆದ್ರೆ ಅಂಕಲ್ ಕೈ ನಿಂತಿಲ್ಲ. ನನ್ನ 14ರಲ್ಲಿ 9 ಟೈಮರ್ ಓಡ್ತಾ ಇರೋದು ಅವರಿಂದ.

ಈಗ ತಪ್ಪೊಪ್ಪಿಗೆ. ಹಳೇ ಸಾಮಾನು ಬೇಕು ಅಂದ್ರೆ ಚಿಕ್ಕಪೇಟೆ ಕಡೆಯ ಸಂಡೇ ಬಜಾರ್‌ಗೆ ಹೋಗಬೇಕು. ಹೆಸರೇ ಹೇಳುತ್ತೆ, ಅದು ಭಾನುವಾರ. ಅದೂ ಬೆಳಗಿನ ಜಾವ. ಕಳೆದ ವರ್ಷ ಎಷ್ಟೋ ಭಾನುವಾರ ನಾನು ಐದೂವರೆಗೆ ಅಲ್ಲಿ ಟಾರ್ಚ್ ಹಿಡಿದು ನೆಲದ ಮೇಲೆ ಹರಡಿದ ಸಾಮಾನು ಕೆದಕ್ತಾ ಇದ್ದೆ. ಎಂಟಕ್ಕೆ ಇಲ್ಲಿ ಪ್ರಾರ್ಥನೆಗೆ ಬರಬೇಕಾದವನು ಎಂಟೂವರೆಗೆ ಬಂದು, "ಮೆಜೆಸ್ಟಿಕ್‌ನಲ್ಲಿ ಟ್ರಾಫಿಕ್" ಅಂದಿದ್ದೀನಿ. ಟ್ರಾಫಿಕ್ ಇದ್ದದ್ದು ನನ್ನ ಮನಸ್ಸಲ್ಲಿ. ಕ್ಷಮಿಸಿ. ನಿಮ್ಮ ಮುಂದೆ ಸುಳ್ಳು ಹೇಳಿದ್ದನ್ನ ನಿಮ್ಮ ಮುಂದೇನೇ ಹೇಳಬೇಕಲ್ವಾ?

ಟೈಮರ್ ಜೊತೆಗೆ ಬೇರೆಯವೂ ಸೇರಿದವು. ಒಂದು ನೂತನ್ ಬತ್ತಿ ಸ್ಟವ್. ನಮ್ಮ ಹಳೇ ಮನೆಯ ಅಟ್ಟದಿಂದ ತಂದ ಸುಮೀತ್ ಮಿಕ್ಸಿ. ಡಿಸೆಂಬರ್‌ನಲ್ಲಿ ಶೆಲ್ಫ್‌ಗೆ ಹಳದಿ ಲೈಟ್ ಹಾಕಿ ಒಂದು ಫೋಟೋ ತೆಗೆದು ಸ್ಟೇಟಸ್ ಹಾಕಿದೆ. "ಆ ದಿನಗಳೇ ಚೆನ್ನಾಗಿದ್ದವು" ಅಂತ ಬರೆದೆ. ನಿಮ್ಮಲ್ಲೇ ಎಷ್ಟೋ ಜನ ಹಾರ್ಟ್ ಕಳಿಸಿದ್ರಿ. 2001ರಲ್ಲಿ ಹುಟ್ಟಿದ ತಮ್ಮ ಒಬ್ಬ "ಮಿಸ್ಸಿಂಗ್ ದೋಸ್ ಡೇಸ್" ಅಂತ ಹಾಕಿದ್ದ. ಯಾವ ಡೇಸ್ ಕಣಪ್ಪಾ ನೀನು ಮಿಸ್ ಮಾಡ್ಕೊಂಡಿದ್ದು?

ಕ್ರಿಸ್‌ಮಸ್‌ಗೆ ಅಮ್ಮ ಬಂದ್ರು. ಶೆಲ್ಫ್ ಮುಂದೆ ನಿಂತ್ಕೊಂಡ್ರು. ನಾನು ಹೆಮ್ಮೆಯಿಂದ ಪಕ್ಕದಲ್ಲಿ ನಿಂತಿದ್ದೆ. ಅವರು ಮೊದಲು ಸ್ಟವ್ ಮುಟ್ಟಿದ್ರು.

"ಮಗಾ, ಇದನ್ನ ಇಲ್ಲಿ ಯಾಕೆ ಇಟ್ಕೊಂಡಿದೀಯ?"

"ನಮ್ಮನೇಲಿ ಇಂಥದ್ದೇ ಇತ್ತಲ್ಲಮ್ಮ. ಇದ್ರಲ್ಲಿ ಮಾಡಿದ ಅನ್ನದ ರುಚಿಯೇ ಬೇರೆ."

"ರುಚಿ ನಿಂದು. ಸೀಮೆಎಣ್ಣೆಗೆ ಕ್ಯಾನ್ ಹಿಡ್ಕೊಂಡು ನ್ಯಾಯಬೆಲೆ ಅಂಗಡಿ ಮುಂದೆ ನಿಂತೋಳು ನಾನು. ಮಸಿ ಕುಡಿದು ಕುಡಿದು ಕೆಮ್ಮು ಬಂದಿದ್ದು ನಂಗೆ."

ಆಮೇಲೆ ಮಿಕ್ಸಿ. ಈ ಮಿಕ್ಸಿಯ ಕಥೆ ನನಗೆ ಬಹಳ ಇಷ್ಟ. ಸಭೆಯಲ್ಲಿ ಒಂದ್ಸಲ ಹೇಳಿಯೂ ಇದ್ದೀನಿ. ವಿದೇಶದ ಮಿಕ್ಸರ್‌ಗಳು ನಮ್ಮ ನೆನೆಸಿದ ಅಕ್ಕಿ, ಉದ್ದಿನಬೇಳೆ, ಕಾಯಿ ರುಬ್ಬೋಕೆ ಹೋಗಿ ಸುಟ್ಟು ಹೋಗ್ತಿದ್ವು. 1960ರ ದಶಕದಲ್ಲಿ ಸತ್ಯಪ್ರಕಾಶ್ ಮಾಥುರ್ ಅನ್ನೋ ಎಂಜಿನಿಯರ್ ನಮ್ಮ ರುಬ್ಬುವಿಕೆಗೆ ತಡೆಯೋ ಮೋಟಾರ್ ಇಟ್ಟು ಸುಮೀತ್ ಮಾಡಿದ್ರು. ಇದನ್ನೇ ಅಮ್ಮನಿಗೂ ಹೇಳೋಕೆ ಹೋದೆ. ಅವರು ತಡೆದ್ರು.

"ನೀನು ಪಿಯುಸಿ ಸೇರಿದ ವರ್ಷ ಇದು ಮನೇಲಿ ಇರ್ಲಿಲ್ಲ. ಗೊತ್ತಾ?"

ಗೊತ್ತಿರಲಿಲ್ಲ. ಫೀಸ್ ಕಟ್ಟೋಕೆ ಅದು ಗಿರವಿ ಅಂಗಡಿಗೆ ಹೋಗಿತ್ತು. ಆರು ತಿಂಗಳು. ಆ ಆರು ತಿಂಗಳು ಅಮ್ಮ ಒರಳಲ್ಲಿ ರುಬ್ಬಿದ್ರು. ನಾನು ಇಡ್ಲಿ ತಿಂದೆ, ಕಾಲೇಜಿಗೆ ಹೋದೆ. ಮಿಕ್ಸಿ ಸದ್ದು ನಿಂತಿದ್ದು ನನ್ನ ಕಿವಿಗೆ ಬೀಳಲೇ ಇಲ್ಲ.

ಕೊನೆಗೆ ಆ ದುಂಡಗಿನ ಬಿಳೀ ಟೈಮರ್. ಅದು ನನ್ನ ಮೊದಲನೇದು, ಅಮ್ಮನೇ ತಂದದ್ದು. ನಮ್ಮಂಥ ಮನೆಯಲ್ಲಿ ಟೈಮರ್ ಎಲ್ಲಿರುತ್ತೆ? ನಮಗೆ ಕುಕ್ಕರ್ ವಿಷಲ್ಲೇ ಟೈಮರ್. ಮೂರು ಕೂಗಿದ್ರೆ ಬೇಳೆ ಬೆಂತು. ಅಮ್ಮ ಅಡುಗೆಮನೆ ಮೂಲೆಯಲ್ಲಿ ಮೊಣಕಾಲೂರಿ ಪ್ರಾರ್ಥನೆ ಮಾಡುವಾಗ ವಿಷಲ್ ಎಣಿಸೋ ಡ್ಯೂಟಿ ನಂದು. ಆದ್ರೆ ಅಮ್ಮ ಕೆಲಸಕ್ಕೆ ಹೋಗ್ತಿದ್ದ ಮನೆಯವರು ಕ್ರಿಸ್‌ಮಸ್ ಕೇಕ್ ಮಾಡಿ ಮಾರ್ತಿದ್ರು. ಅಲ್ಲಿ ಓವನ್ ಪಕ್ಕ ಇದ್ದ ಟೈಮರ್ ಇದು. ಅವರು ಊರು ಬಿಟ್ಟು ಹೋಗುವಾಗ ಹಳೇ ಪಾತ್ರೆಗಳ ಜೊತೆ ಕೊಟ್ಟು ಹೋದ್ರು. ನನಗೆ ಈ ಟಿಕ್ ಟಿಕ್ ಅಂದ್ರೆ ಪ್ಲಮ್ ಕೇಕ್ ಪರಿಮಳ, ಅಮ್ಮ ಪೇಪರ್‌ನಲ್ಲಿ ಕಟ್ಟಿ ತರ್ತಿದ್ದ ಅಂಚಿನ ಚೂರುಗಳು, ಡಿಸೆಂಬರ್ ಚಳಿ. ಅದಕ್ಕೇ ನಾನು ಇವನ್ನ ಕೂಡಿಹಾಕೋಕೆ ಶುರು ಮಾಡಿದ್ದು.

ಅಮ್ಮ ಅದನ್ನ ಕೈಗೆ ತಗೊಳ್ಳಲಿಲ್ಲ. ದೂರದಿಂದ ನೋಡಿ ಹೇಳಿದ್ರು: "ಇದು ಹೊಡ್ಕೊಂಡ ತಕ್ಷಣ ಎಲ್ಲಿದ್ರೂ ಓಡಿ ಬರಬೇಕಿತ್ತು. ಒಂದ್ಸಲ ಟೆರೇಸ್ ಮೇಲೆ ಬಟ್ಟೆ ಒಗೀತಿದ್ದೆ, ಕೇಳಿಸ್ಲಿಲ್ಲ. ಎರಡು ಕೇಕ್ ಸೀದು ಹೋಯ್ತು. ಸಂಬಳದಲ್ಲಿ ಹಿಡ್ಕೊಂಡ್ರು. ಆಮೇಲೆ ಎಷ್ಟೋ ದಿನ ರಾತ್ರಿ ನಿದ್ದೇಲೂ ಇದರ ಬೆಲ್ ಕೇಳ್ತಿತ್ತು."

ಪ್ರಿಯರೇ, ನಾನು ಅದನ್ನ ಲೈಟ್ ಹಾಕಿ ಇಟ್ಟಿದ್ದೆ.

ಅವತ್ತು ರಾತ್ರಿ ನನ್ನ ಓದಿನಲ್ಲಿ ಬಂದದ್ದು ಅರಣ್ಯಕಾಂಡ 11. ನಿಮಗೆ ಗೊತ್ತಿರೋ ಭಾಗವೇ. ಜನ ಗುಡಾರದ ಬಾಗಿಲಲ್ಲಿ ಕೂತು ಅಳ್ತಿದ್ದಾರೆ. ಮನ್ನ ಸಾಕಾಗಿದೆ. ಐಗುಪ್ತದಲ್ಲಿ ತಿಂದ ಮೀನು, ಸೌತೆಕಾಯಿ, ಈರುಳ್ಳಿ, ಬೆಳ್ಳುಳ್ಳಿ ನೆನಪಾಗ್ತಿದೆ. ಅವರ ಮಾತಿನಲ್ಲಿ ಒಂದು ಪದ ಇದೆ, ಐದನೇ ವಚನ ನೋಡಿ. ಮೀನು ನಮಗೆ ಪುಕ್ಕಟೆ ಸಿಗ್ತಿತ್ತು ಅನ್ನೋ ಅರ್ಥದ ಪದ. ಪುಕ್ಕಟೆ! ಇಟ್ಟಿಗೆ ಯಾರು ಮಾಡಿದ್ದು? ಹುಲ್ಲು ಕೊಡದೆ ಅಷ್ಟೇ ಇಟ್ಟಿಗೆ ಕೇಳಿದಾಗ ಬೆನ್ನ ಮೇಲೆ ಏಟು ತಿಂದದ್ದು ಯಾರು? ಐಗುಪ್ತದ ಮೀನು ಅಂದ್ರೆ ನೈಲ್ ನದಿಯ ಮೀನು. ಹುಟ್ಟಿದ ಗಂಡು ಮಕ್ಕಳನ್ನ ಎಸೆಯಬೇಕು ಅಂತ ಫರೋಹ ಅಪ್ಪಣೆ ಮಾಡಿದ್ದು ಅದೇ ನದಿಗೆ. ಅವರು ಐಗುಪ್ತ ಬಿಟ್ಟು ಆಗ ಎಷ್ಟು ಕಾಲ ಆಗಿತ್ತು? ಲೆಕ್ಕ ಹಾಕಿ. ಮೊದಲ ತಿಂಗಳ ಹದಿನೈದಕ್ಕೆ ಹೊರಟ್ರು. ಸೀನಾಯಿ ಬಿಟ್ಟದ್ದು ಎರಡನೇ ವರ್ಷ, ಎರಡನೇ ತಿಂಗಳ ಇಪ್ಪತ್ತಕ್ಕೆ. ಹದಿಮೂರು ತಿಂಗಳಿಗೆ ಸ್ವಲ್ಪ ಹೆಚ್ಚು. ಅಷ್ಟರಲ್ಲಿ ಏಟು ಮರೆತುಹೋಗಿ ಬೆಳ್ಳುಳ್ಳಿ ಮಾತ್ರ ಉಳಿದಿದೆ.

ಹಳೇ ನೆನಪು ಸುಳ್ಳು ಅಂತ ನಾನು ಹೇಳ್ತಿಲ್ಲ. ಸೌತೆಕಾಯಿ ನಿಜವಾಗಲೂ ತಣ್ಣಗೇ ಇದ್ದಿರಬೇಕು. ನನ್ನ ಕೇಕ್ ಚೂರು ನಿಜವಾಗಲೂ ರುಚಿಯಾಗಿತ್ತು. ಆದ್ರೆ ಅದಕ್ಕೆ ಬೆಲೆ ಕೊಟ್ಟೋರು ಬೇರೆ. ನಾವು ಬಿಲ್ ನೋಡಿಲ್ಲ, ಅದಕ್ಕೇ ಪುಕ್ಕಟೆ ಅಂತೀವಿ.

ಹಾಗಾದ್ರೆ ಹಳೇದನ್ನ ಇಟ್ಕೋಬಾರದಾ, ಪಾಸ್ಟರ್? ಇಲ್ಲಿ ವಿಮೋಚನಕಾಂಡ 16ಕ್ಕೆ ಬನ್ನಿ. ಇಡೀ ಸತ್ಯವೇದದಲ್ಲಿ ನನಗೆ ತುಂಬಾ ಇಷ್ಟವಾದ ಅಡುಗೆಮನೆ ಅಧ್ಯಾಯ ಇದು. ಮನ್ನವನ್ನ ಮರುದಿನಕ್ಕೆ ಇಟ್ಕೊಂಡೋರದ್ದು ಹುಳ ಬಿತ್ತು, ನಾತ ಹೊಡೀತು. ಆದ್ರೆ ಅದೇ ಅಧ್ಯಾಯದ ಕೊನೆಗೆ ದೇವರೇ ಹೇಳ್ತಾರೆ, ಒಂದು ಓಮೆರ್ ಮನ್ನ ಪಾತ್ರೆಗೆ ತುಂಬಿ ಮುಂದಿನ ಸಂತತಿಯವರಿಗಾಗಿ ಇಡಿ ಅಂತ. ಅದೇ ಮನ್ನ. ಒಂದು ಕೊಳೀತು, ಒಂದು ಉಳೀತು. ವ್ಯತ್ಯಾಸ ಎಲ್ಲಿ? ಕೊಳೆತದ್ದು ನಾಳೆ ನನಗಿರಲಿ ಅಂತ ಇಟ್ಟದ್ದು. ಉಳಿದದ್ದು, ಅರಣ್ಯದಲ್ಲಿ ನಿಮ್ಮ ಅಜ್ಜ ಅಜ್ಜಿಯರನ್ನ ದೇವರು ಹೇಗೆ ಸಾಕಿದ್ರು ಅಂತ ಮಕ್ಕಳಿಗೆ ತೋರಿಸೋಕೆ ಇಟ್ಟದ್ದು. ಆ ಪಾತ್ರೆ ಕಥೆ ಸಮೇತ ಬಂತು.

ಕಥೆ ಕಳಚಿಹೋದ ವಸ್ತು ಏನಾಗುತ್ತೆ ಅನ್ನೋದು 2 ಅರಸುಗಳು 18ರಲ್ಲಿದೆ. ಮೋಶೆ ಮಾಡಿಸಿದ ತಾಮ್ರದ ಸರ್ಪ. ಒಂದು ಕಾಲಕ್ಕೆ ಅದನ್ನ ನೋಡಿದೋರು ಬದುಕಿದ್ರು. ನೂರಾರು ವರ್ಷ ಆದ ಮೇಲೆ ಜನ ಅದಕ್ಕೇ ಧೂಪ ಹಾಕ್ತಿದ್ರು. ಹಿಜ್ಕೀಯ ಅದನ್ನ ಒಡೆದು ಹಾಕಿದ. ಹಳದಿ ಲೈಟ್ ಹಾಕಿದ ನನ್ನ ಶೆಲ್ಫ್ ನೆನಪಾಯ್ತು ನನಗೆ.

ಇನ್ನೊಂದು ವಚನ, ಬೇಗ ಹೇಳಿಬಿಡ್ತೀನಿ, ಟೊಮೆಟೊ ಓಡ್ತಾ ಇದೆ. ಧರ್ಮೋಪದೇಶಕಾಂಡ 24:6. ಸಾಲಕ್ಕೆ ಬೀಸುವ ಕಲ್ಲನ್ನ ಅಡವು ಇಟ್ಕೋಬಾರದು, ಅದು ಒಬ್ಬರ ಜೀವವನ್ನೇ ಅಡವು ಇಟ್ಕೊಂಡ ಹಾಗೆ ಅಂತ ದೇವರು ಕಾನೂನು ಮಾಡಿದ್ದಾರೆ. ಬೈಬಲ್ ಕಾಲೇಜಿನಲ್ಲಿ ಓದುವಾಗ ಈ ವಚನ ಪರೀಕ್ಷೆಗೆ ಬರಲ್ಲ ಅಂತ ದಾಟಿಹೋಗಿದ್ದೆ. ಈಗ ಅದನ್ನ ಓದಿದ್ರೆ ಒಂದು ಸುಮೀತ್ ಮಿಕ್ಸಿ ಕಾಣುತ್ತೆ. ರುಬ್ಬೋ ಕೈಯನ್ನ ದೇವರು ನೋಡಿದ್ದಾರೆ. ಮಗ ನೋಡದೆ ಇದ್ದಾಗಲೂ ನೋಡಿದ್ದಾರೆ. ಸ್ತೋತ್ರ!

ತಮ್ಮಂದಿರೇ, ತಂಗಿಯರೇ, ನಿಮಗೆ ಹಳೇದು ಇಷ್ಟ. ಕ್ಯಾಸೆಟ್ ಇಷ್ಟ, ರೀಲ್ ಕ್ಯಾಮೆರಾ ಇಷ್ಟ. ಇರಲಿ. ಆದ್ರೆ ನಿಮ್ಮ ಪಿಜಿ ರೂಮಿನಲ್ಲಿ ಚಂದಕ್ಕೆ ಇಟ್ಟ ಹಿತ್ತಾಳೆ ಚೊಂಬನ್ನ ದಿನಾ ಹುಣಸೆಹಣ್ಣು ಹಾಕಿ ತಿಕ್ಕಿದ್ದು ಯಾರು, ಕೇಳಿದ್ದೀರಾ? ಸಭೆಯ ಹಿರಿಯರಿಗೂ ಒಂದು ಮಾತು, ಗೌರವದಿಂದಲೇ. "ನಮ್ಮ ಕಾಲದಲ್ಲಿ ಶೀಟ್ ಮನೆಯಲ್ಲಿ ಆರಾಧನೆ, ಎಂಥಾ ಅಭಿಷೇಕ!" ಅಂತೀರಿ. ನಿಜ. ಅದೇ ಶೀಟ್ ಕೆಳಗೆ ಮೇ ತಿಂಗಳಲ್ಲಿ ಯಾವ ಆಂಟಿ ಅಷ್ಟೂ ಜನಕ್ಕೆ ಅಡುಗೆ ಮಾಡ್ತಿದ್ರು, ಅವರ ಹೆಸರನ್ನೂ ಸಾಕ್ಷಿಯಲ್ಲಿ ಹೇಳಿ.

ಈಗ ಸಂಡೇ ಬಜಾರ್ ನಿಲ್ಲಿಸಿದ್ದೀನಿ. ಭಾನುವಾರ ಏಳೂಮುಕ್ಕಾಲಿಗೆ ನಾನು ಇಲ್ಲಿ ಇರ್ತೀನಿ, ಇಲ್ಲದಿದ್ರೆ ಕೇಳಿ. ಶೆಲ್ಫ್‌ನಲ್ಲಿ ಇರೋ ಒಂದೊಂದರ ಅಡಿಯಲ್ಲೂ ಚೀಟಿ ಅಂಟಿಸ್ತಿದ್ದೀನಿ. ಮಿಕ್ಸಿ ಅಡಿಯಲ್ಲಿ ಅಮ್ಮ ಹೇಳಿದ್ದನ್ನೇ ಬರೆದೆ, ಆರು ತಿಂಗಳು ಅನ್ನೋದನ್ನ ಸೇರಿಸಿ. ನನ್ನ ಮಗಳಿಗೆ ಓದೋಕೆ ಬರುತ್ತೆ. ಮೊನ್ನೆ ಅದನ್ನ ಓದಿ, "ಅಜ್ಜಿಗೆ ಕೈ ನೋಯ್ತಿರಲಿಲ್ವಾ ಅಪ್ಪಾ?" ಅಂದಳು. ಹೋಗಿ ಅಜ್ಜಿಯನ್ನೇ ಕೇಳು ಅಂದೆ.

ಬಿಳೀ ಟೈಮರ್ ಮಾತ್ರ ಎಸೆದುಬಿಡೋಣ ಅಂದ್ಕೊಂಡಿದ್ದೆ. ಅಮ್ಮನ ಹತ್ರ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಓಡುತ್ತಾ ಅದು?" ಅಂದ್ರು. ಓಡುತ್ತೆ ಅಂದೆ. "ಕೊಡು ಇಲ್ಲಿ. ಮಂಡಿಗೆ ಬಿಸಿನೀರಿನ ಶಾಖ ಹತ್ತು ನಿಮಿಷ ಕೊಡಬೇಕು ಅಂತ ಡಾಕ್ಟ್ರು ಹೇಳಿದ್ದಾರೆ. ಮೊಬೈಲ್ ನಂಗೆ ಆಗಲ್ಲ." ಮೊದಲು ಹದಿನೈದರಾಚೆ ತಿರುಗಿಸಿ ಆಮೇಲೆ ಹತ್ತಕ್ಕೆ ತರಬೇಕು ಅಂತ ತೋರಿಸಿಕೊಡೋಕೆ ಹೋದೆ. "ನಂಗೆ ಹೇಳ್ತೀಯಾ?" ಅಂದ್ರು. ನನಗಿಂತ ಸಾವಿರ ಸಲ ಹೆಚ್ಚು ತಿರುಗಿಸಿದ ಕೈ ಅದು. ಈಗ ದಿನಾ ಸಾಯಂಕಾಲ ಬೆಲ್ ಹೊಡೆಯುತ್ತೆ. ಅಮ್ಮ ಎದ್ದು ಓಡಲ್ಲ. ಕಾಲು ಚಾಚಿ ಕೂತಲ್ಲೇ ಕೂತು, ಹೊಡೆದು ಮುಗೀಲಿ ಅಂತ ಬಿಡ್ತಾರೆ.

(ಟೈಮರ್ ಗಂಟೆ)

ಸರಿ, ಟೊಮೆಟೊ ಹೇಳಿಬಿಡ್ತು. ಎದ್ದು ನಿಲ್ಲೋಣ, ಕಣ್ಣು ಮುಚ್ಚೋಣ.

ಪರಲೋಕದ ತಂದೆಯೇ, ನಮಗೆ ಪುಕ್ಕಟೆ ಅನ್ನಿಸಿದ ಒಂದೊಂದು ಊಟವನ್ನೂ ನೀನು ನೋಡಿದ್ದೀ. ಅದನ್ನು ಬೇಯಿಸಿದ ಕೈಗಳನ್ನು ನೀನು ಬಲ್ಲೆ. ಇಲ್ಲಿ ಕೂತಿರುವ ಅಮ್ಮಂದಿರ ಮಂಡಿ, ಬೆನ್ನು, ಶ್ವಾಸಕೋಶಗಳನ್ನು ಇವತ್ತು ಮುಟ್ಟು ಕರ್ತನೇ. ಈ ರಾತ್ರಿ ಊರಿಗೆ ಫೋನ್ ಮಾಡುವ ಮಕ್ಕಳಿಗೆ ಕೇಳುವ ಕಿವಿ ಕೊಡು. ಅಮ್ಮ ಇನ್ನಿಲ್ಲದವರನ್ನು ನೀನೇ ಹತ್ತಿರ ಕರೆದುಕೋ. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.